ನಾಲ್ಕು ಕಿಲೋಮೀಟರ್ ಹತ್ತಿರದ ಕುರ್ಚಿ

ಅತ್ತೆಯ ಗಾಲಿಕುರ್ಚಿಯನ್ನು ಫೋನಿನಲ್ಲಿ ಮಾರಾಟಕ್ಕಿಟ್ಟು ಆರು ದಿನವಾಗಿತ್ತು. ಆರು ದಿನದಲ್ಲಿ ಅನಸೂಯಳಿಗೆ ಬಂದ ವಿಚಾರಣೆಗಳು ಒಂದೆರಡಲ್ಲ. ಒಬ್ಬ ‘ಲಾಸ್ಟ್ ಪ್ರೈಸ್ ಎಷ್ಟು’ ಅಂದ. ಇನ್ನೊಬ್ಬ ಬರೀ ‘ಹಾಯ್’ ಅಂದು ಮಾಯವಾದ. ಮತ್ತೊಬ್ಬನಿಗೆ ಕಾಲೇಜಿನ ನಾಟಕಕ್ಕೆ ಎರಡು ದಿನದ ಮಟ್ಟಿಗೆ ಬೇಕಾಗಿತ್ತು, ಅದೂ ಪುಕ್ಕಟೆ. ಏಳನೆಯ ದಿನ, ಬುಧವಾರ ಸಂಜೆ, ಅಲಕಾ ಎಂಬ ಹೆಂಗಸು ಹೇಳಿದ ಬೆಲೆಗೇ ಹೂಂ ಅಂದಳು. ಚೌಕಾಸಿ ಮಾಡದ ಗಿರಾಕಿ! ಅನಸೂಯಳಿಗೆ ಖುಷಿಗಿಂತ ಮೊದಲು ಅನುಮಾನ ಬಂತು.

ಐದು ನಿಮಿಷಕ್ಕೆ ಅಲಕಾಳ ಫೋನೇ ಬಂತು. ಮರಾಠಿ ಮಾತು, ಅಕ್ಕ ಎನ್ನುವಲ್ಲಿ ‘ತಾಈ’, ಗಡಿಬಿಡಿ ದನಿ.

“ತಾಈ, ಬೆಳಿಗ್ಗೆ ಏಳಕ್ಕೆ ರಿಕ್ಷಾ ತಂದು ಕುರ್ಚಿ ಒಯ್ತೀನಿ. ನೀವು ನಮ್ಮಿಂದ ನಾಲ್ಕೇ ಕಿಲೋಮೀಟರ್ ಅಂತ ತೋರಿಸ್ತಿದೆ.”

“ಬನ್ನಿ, ಬನ್ನಿ. ದೇವಳಾಲಿ ಕ್ಯಾಂಪ್, ಸ್ಟೇಷನ್ನಿನ ಹಿಂದಿನ ಓಣಿ...”

“ಎಲ್ಲಿಯ ದೇವಳಾಲಿ?”

“ನಾಶಿಕದ್ದು. ಇನ್ನೆಲ್ಲಿಯದು?”

ಆ ಕಡೆ ದನಿ ಸಣ್ಣಗಾಯಿತು, “ತಾಈ, ನಾನು ಚಿಕಲಠಾಣಾದವಳು. ಸಂಭಾಜಿನಗರ.”

ನೂರಾ ತೊಂಬತ್ತು ಕಿಲೋಮೀಟರ್!

ತಪ್ಪು ಯಾರದು ಅಂತ ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಬ್ಯಾಂಕಿನವರ ಮನೆ ಅದು. ವರ್ಗಾವಣೆಯ ಮನೆಗಳಲ್ಲಿ ಮನುಷ್ಯರು ಲಾರಿಯ ಹಿಂದೆ ಬಂದುಬಿಡುತ್ತಾರೆ, ವಿಳಾಸಗಳು ಮಾತ್ರ ಊರೂರಲ್ಲಿ ಉಳಿದಿರುತ್ತವೆ. ಅನಸೂಯಳ ಸಂಸಾರದ ರೇಷನ್ ಕಾರ್ಡು ಭಾಲ್ಕಿಯಲ್ಲಿತ್ತು. ಗ್ಯಾಸಿನ ಪುಸ್ತಕ ಕಲಬುರಗಿಯದು. ಆಧಾರಿನಲ್ಲಿ ಅವಳು ಇನ್ನೂ ಸೊಲ್ಲಾಪುರದ ಬಾಡಿಗೆ ಮನೆಯಲ್ಲೇ ಇದ್ದಳು. ಮಗಳು ರುಚಿತಾ ಆ ಹಳೇ ಸಾಮಾನಿನ ಆ್ಯಪನ್ನು ಹಾಕಿಕೊಂಡದ್ದು ಸಂಭಾಜಿನಗರದ ಮುಕುಂದವಾಡಿಯಲ್ಲಿದ್ದಾಗ. ಸಂಸಾರ ನಾಶಿಕಕ್ಕೆ ಬಂದು ನಾಲ್ಕು ತಿಂಗಳಾದರೂ ಆ್ಯಪು ಮುಕುಂದವಾಡಿಯಲ್ಲೇ ಕೂತಿತ್ತು.

“ಮಲಾ ಕಾಯ ಮಾಹೀತ, ಮಮ್ಮಿ?” ಎಂದಳು ರುಚಿತಾ, ನನಗೇನು ಗೊತ್ತು ಅಂತ ಹೆಗಲು ಹಾರಿಸಿ. ಅವಳಿಗೆ ಕನ್ನಡದ ಬೈಗುಳ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ.

ಸಾರಿ ಹೇಳಿ ಫೋನು ಇಡಬಹುದಿತ್ತು. ಆದರೆ ಅಲಕಾ ಫೋನು ಇಡದೆ ಅಳುನುಂಗಿದ ದನಿಯಲ್ಲಿ ಹೇಳತೊಡಗಿದ್ದಳು, ಅನಸೂಯ ಸ್ಪೀಕರ್ ಹಾಕಿದ್ದಳು, ಮನೆಯವರೆಲ್ಲ ಕೇಳಿಸಿಕೊಂಡರು.

ಅಲಕಾಳ ಗಂಡ ಪ್ರಭಾಕರ ಅದೇ ಊರಿನ ಹೊರಗಿನ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದ ಕೆಲಸಗಾರ. ಎರಡು ತಿಂಗಳ ಹಿಂದೆ ತಗಡು ಒತ್ತುವ ಪ್ರೆಸ್ಸು ಅವನ ಕಾಲ ಮೇಲೇ ಒತ್ತಿತು. ಬಲಗಾಲಿಗೆ ಕಬ್ಬಿಣದ ಸರಳು, ಎಡಗಾಲು ನೆಲಕ್ಕೆ ತಾಗಿಸುವ ಹಾಗಿಲ್ಲ. ಮೊನ್ನೆ ಕಾರ್ಖಾನೆಯಿಂದ ಕಾಗದ ಬಂದಿತ್ತು. ‘ಎರಡು ತಿಂಗಳಿಂದ ಯಾವ ಸೂಚನೆಯೂ ಕೊಡದೆ ಗೈರುಹಾಜರಾಗಿದ್ದೀರಿ. ಗುರುವಾರ ಮೂರು ಗಂಟೆಗೆ ವಿಚಾರಣೆಗೆ ಖುದ್ದಾಗಿ ಬರತಕ್ಕದ್ದು. ಜೊತೆಗೆ ಒಬ್ಬರಿಗೆ ಮಾತ್ರ ಪಾಸು. ಬರದಿದ್ದರೆ ತಾವಾಗಿಯೇ ಕೆಲಸ ಬಿಟ್ಟಿರೆಂದು ತಿಳಿದು ಹೆಸರು ತೆಗೆಯಲಾಗುವುದು.’

ಕಾಲು ಜಜ್ಜಿದ ಕಾರ್ಖಾನೆಯೇ ಕಾಲೂರಲಾಗದವನನ್ನು ನಡೆದು ಬಾ ಅಂತ ಕರೆದಿತ್ತು! ಇಂಥ ಕಾಗದ ಬರೆಯುವವರ ಕೈ ನಡುಗುವುದಿಲ್ಲ. ತಿಂಗಳ ಕೊನೆಗೆ ಆ ಕೈಗೆ ಸಂಬಳ ಬೀಳುತ್ತದೆ.

“ಅವರು ಎಂಬತ್ತು ಕಿಲೋ ಇದ್ದಾರೆ ತಾಈ, ನಾನೊಬ್ಬಳೇ ಹ್ಯಾಗೆ ಎತ್ತಲಿ? ದವಾಖಾನೆಯವರು ತಮ್ಮ ಕುರ್ಚಿ ಗೇಟು ದಾಟಿಸೋದಿಲ್ಲ. ಹೊಸದು ನಮ್ಮ ಕೈಗೆ ಎಟಕೋದಲ್ಲ. ನಿಮ್ಮದು ನಾಲ್ಕು ಕಿಲೋಮೀಟರ್ ಅಂತ ನೋಡಿ ಈಗಷ್ಟೇ ನಿಶ್ಚಿಂತೆಯಾಗಿ ಕೂತಿದ್ದೆ.”

ಅನಸೂಯಳ ಗಂಡ ಶಿವಕಾಂತ ಒಳಗಿಂದಲೇ ತೀರ್ಪು ಕೊಟ್ಟ. “ಕ್ಯಾನ್ಸಲ್ ಮಾಡು. ಅದಕ್ಕೂ ಒಂದು ಬಟನ್ ಅದ.”

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಕಸ್ತೂರಿಬಾಯಿ ತಲೆ ಎತ್ತಿದಳು. ಎಪ್ಪತ್ತಾರು ವಯಸ್ಸು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಏಳು ತಿಂಗಳು ಆ ಕುರ್ಚಿಯಲ್ಲಿ ಕೂತವಳು.

“ಬಟನ್ ಒತ್ತಿದ್ರ ಆ ಮನಶಾ ಎದ್ದು ನಡೀತಾನೇನೋ?”

“ಅವ್ವಾ, ಅದು ಸಂಭಾಜಿನಗರ ಅದ.”

“ಕುಂಡಿ ಎತ್ತಿ ಬಚ್ಚಲಕ ಹೋಗಾಕ ಇನ್ನೊಬ್ಬರ ಮಾರಿ ನೋಡೋದು ಅಂದ್ರ ಹ್ಯಾಂಗಿರ್ತದ ಅಂತ ನಿನಗೇನ್ ಗೊತ್ತು? ನಾ ನೋಡೀನಿ. ಕುರ್ಚಿ ನಂದದ, ನಾ ಮುಟ್ಟಿಸ್ತೀನಿ. ಎಪ್ಪತ್ತೈದು ದಾಟಿದವರಿಗಿ ಸರಕಾರಿ ಲಾಲ್ ಬಸ್ಸಿನಾಗ ಫುಕಟ್. ನನ್ನ ಸೊಸಿಗಿ ಹೆಂಗಸರ ಅರ್ಧಾ ಟಿಕೀಟು.”

“ನಾ ಯಾಕ್ರಿ ಅತ್ತೀ?” ಅನಸೂಯ ಬೆಚ್ಚಿದಳು.

“ಮತ್ತ ಕುರ್ಚಿ ಹೊರೋರು ಯಾರು? ನಾನಾ?”

ಅನಸೂಯ ಇಪ್ಪತ್ತು ವರ್ಷದಲ್ಲಿ ಐದು ಪರಊರು ಕಂಡವಳು. ಪರಊರಲ್ಲಿ ಬದುಕುವ ರೀತಿ ಅವಳಿಗೆ ಒಂದೇ ಗೊತ್ತಿತ್ತು: ತಲೆ ತಗ್ಗಿಸಿಕೊಂಡು, ಸದ್ದಿಲ್ಲದೆ. ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಜಾಗ ಬಿಡುತ್ತಿದ್ದಳು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೆ ಥ್ಯಾಂಕ್ಸ್ ಅನ್ನುತ್ತಿದ್ದಳು. ‘ಜನ ನೋಡ್ತಾರ’ ಎಂಬುದು ಅವಳ ಮಂತ್ರ. ಆದರೂ ಆ ಫೋನಿನಲ್ಲಿದ್ದ ದನಿಗೆ ಇಲ್ಲ ಅನ್ನುವುದು ಅವಳಿಂದ ಆಗಲಿಲ್ಲ. “ಮೂರರೊಳಗೆ ತಲುಪಿಸ್ತೀವಿ” ಅಂದುಬಿಟ್ಟಳು, ಅಂದಮೇಲೆ ಬಾಯಿ ಮುಚ್ಚಿಕೊಂಡಳು.

ಗುರುವಾರ ಬೆಳಿಗ್ಗೆ ಆರಕ್ಕೆ ನಾಶಿಕದ ಠಕ್ಕರ್ ಬಜಾರ್ ಸ್ಟ್ಯಾಂಡಿನಿಂದ ಬಸ್ಸು. ಮಡಚಿದ ಕುರ್ಚಿಗೆ ಹಳೇ ಸೀರೆಯ ಪಟ್ಟಿ ಬಿಗಿದು ಸೀಟಿನ ಪಕ್ಕ ನಿಲ್ಲಿಸಿದ್ದರು. ಕಂಡಕ್ಟರ್ ಬಂದು ಅದನ್ನೇ ದಿಟ್ಟಿಸಿದ.

“ಆಜಿ, ಇದಕ್ಕೆ ಲಗೇಜ್ ಟಿಕೀಟು ಆಗುತ್ತದೆ.”

“ಲಗೇಜ್ ಅಲ್ಲಪ್ಪಾ ಇದು. ನನ್ನ ಕಾಲು,” ಎಂದಳು ಕಸ್ತೂರಿಬಾಯಿ ತನ್ನ ಭಾಲ್ಕಿ ಮರಾಠಿಯಲ್ಲಿ. “ಕಾಲಿಗೆ ಯಾರಾದರೂ ಟಿಕೀಟು ಹರೀತಾರಾ?”

“ಈಗಷ್ಟೇ ಮೆಟ್ಟಿಲನ್ನ ಆಡಿನ ಹಾಗೆ ಹತ್ತಿದಿರಲ್ಲ?”

“ಅದಕ್ಕೇ ನೋಡು, ಸುಸ್ತಾಗಿದೆ.”

ಬಸ್ಸು ನಕ್ಕಿತು. ಅನಸೂಯ ಪರ್ಸು ತೆಗೆಯಹೋದರೆ ಕಂಡಕ್ಟರ್ ಕೈ ಅಡ್ಡ ಹಿಡಿದ. “ಇರಲಿ ಬಿಡಿ ತಾಈ, ಆಜಿಯ ಜೊತೆ ವಾದ ಮಾಡಿ ಗೆಲ್ಲೋಕೆ ನನಗೆ ಡಬಲ್ ಡ್ಯೂಟಿ ಬೇಕು.”

ಎಲ್ಲ ಸರಿಯಾಗಿ ನಡೆದಿದ್ದರೆ ಹನ್ನೊಂದಕ್ಕೆ ಸಂಭಾಜಿನಗರ. ಆದರೆ ಯೇವಲಾ ಇನ್ನೂ ಮೂರು ಕಿಲೋಮೀಟರ್ ಇರುವಾಗ ಬಸ್ಸು ನಿಂತಿತು. ಮುಂದೆ ಲಾರಿ, ಅದರ ಮುಂದೆ ಲಾರಿ. ಉಳ್ಳಾಗಡ್ಡಿ ಬೆಳೆಗಾರರ ರಸ್ತಾ ರೋಕೊ. ಹರಾಜಿನಲ್ಲಿ ಕೂಗಿದ ದರ ಚೀಲದ ದುಡ್ಡಿಗೂ ಸಾಲದೆಂದು ಟ್ರ್ಯಾಕ್ಟರುಗಟ್ಟಲೆ ಉಳ್ಳಾಗಡ್ಡಿಯನ್ನು ನಡುರಸ್ತೆಗೆ ಸುರಿದು ಜನ ಅದರ ಮೇಲೇ ಕೂತಿದ್ದರು. ಐದು ತಿಂಗಳ ಬೆವರನ್ನು ಒಬ್ಬ ದಲ್ಲಾಳಿ ಐದು ಸೆಕೆಂಡಿನಲ್ಲಿ ಕೂಗಿ ಮುಗಿಸಿದರೆ, ರಸ್ತೆಯಲ್ಲಿ ಕೂರದೆ ಇನ್ನೆಲ್ಲಿ ಕೂರಬೇಕು?

ಒಂಬತ್ತಾಯಿತು. ಹತ್ತಾಯಿತು. ಅಲಕಾಳ ಫೋನು ಎರಡು ಸಲ ಬಂತು. “ಬರ್ತಿದ್ದೀವಿ” ಅಂತ ಅನಸೂಯ ನಿಂತ ಬಸ್ಸಿನಿಂದ ಹೇಳಿದಳು.

“ಸಂಜೆ ತನಕ ಬಿಡೋದಿಲ್ಲ,” ಅಂದ ಕಂಡಕ್ಟರ್. “ಪೇಷಂಟುಗಳನ್ನ ಮಾತ್ರ ಬಿಡ್ತಾರೆ. ಅದು ಇಲ್ಲಿಯ ರಿವಾಜು.”

ಅನಸೂಯ ಕಂಡಕ್ಟರನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಕುರ್ಚಿ ನೋಡಿದಳು. ಜೀವಮಾನದಲ್ಲಿ ಒಂದೂ ದೊಡ್ಡ ಸುಳ್ಳು ಹೇಳಿದವಳಲ್ಲ. ಎದ್ದು ಕುರ್ಚಿಯ ಪಟ್ಟಿ ಬಿಚ್ಚಿದಳು.

“ಅತ್ತೀ, ಇಳೀರಿ. ಕುರ್ಚಿ ಮ್ಯಾಲ ಕೂಡ್ರಿ. ಕಣ್ಣು ಮುಚ್ಚಿ ನರಳ್ರಿ.”

“ನರಳೋದು ಹ್ಯಾಂಗವ್ವಾ?”

“ದಿನಾ ಮುಂಜಾನಿ ಏಳೋ ಮುಂದ ನರಳ್ತೀರಲ್ಲ, ಹಂಗ.”

“ಅದು ನಿನಗ ಕೇಳ್ಸ್ಲಿ ಅಂತ ನರಳೋದು,” ಎಂದು ಕಸ್ತೂರಿಬಾಯಿ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಕಣ್ಣು ಮುಚ್ಚಿದಳು.

ಲಾರಿಗಳ ಸಾಲಿನ ಪಕ್ಕದ ಮಣ್ಣಿನಲ್ಲಿ ಅನಸೂಯ ಮೂರು ಫರ್ಲಾಂಗು ಕುರ್ಚಿ ನೂಕಿದಳು. ಅತ್ತೆ ಪ್ರತಿ ಗುಂಡಿಗೂ ನಿಯತ್ತಾಗಿ ‘ಅವ್ವಾ ಅಪ್ಪಾ’ ಅಂದಳು. ಉಳ್ಳಾಗಡ್ಡಿಯ ಗುಡ್ಡೆಯ ಹತ್ತಿರ ಹಸಿರು ಸೀರೆಯ ಹೆಂಗಸೊಬ್ಬಳು ಎದ್ದು ಬಂದಳು. ಬಿಸಿಲಿಗೆ ಕಪ್ಪಾದ ಮುಖ, ಕೈಯಲ್ಲಿ ಬಾವುಟದ ಕೋಲು. ಅಲ್ಲಿಯ ಯಜಮಾನಿಕೆ ಅವಳದೇ ಅಂತ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

“ಏನಾಗಿದೆ ಆಜಿಗೆ?”

ಅನಸೂಯ ಬಾಯಿ ತೆರೆಯುವ ಮೊದಲೇ ಕಸ್ತೂರಿಬಾಯಿ ಕಣ್ಣು ತೆರೆದಳು. ರಸ್ತೆಯ ತುಂಬ ಚೆಲ್ಲಿದ ಉಳ್ಳಾಗಡ್ಡಿಯನ್ನೂ ಅದರ ಮೇಲೆ ಕೂತ ಹೆಂಗಸರನ್ನೂ ಒಂದು ಸುತ್ತು ನೋಡಿದಳು.

“ಏನೂ ಆಗಿಲ್ಲ ಮಗಳೇ,” ಎಂದು ಎದ್ದು ನಿಂತಳು.

ಅನಸೂಯಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಗಟ್ಟಿಮುಟ್ಟಾಗಿದ್ದೀನಿ. ನೀವು ನ್ಯಾಯಕ್ಕೆ ಕೂತವರು, ನಿಮ್ಮ ಮುಂದೆ ನಾಟಕ ಮಾಡೋಕೆ ಮನಸ್ಸು ಬರಲಿಲ್ಲ. ಈ ಕುರ್ಚಿ ಶೇಂದ್ರಾದ ಕೆಲಸಗಾರನೊಬ್ಬನಿಗೆ ಮಾರಿದ್ದೀವಿ. ಕಾರ್ಖಾನೆ ಅವನ ಕಾಲು ತಿಂದಿದೆ. ಮೂರು ಗಂಟೆಗೆ ಅವನು ಇದರ ಮೇಲೆ ಕೂತು ಗೇಟಿನ ಒಳಗೆ ಹೋಗದಿದ್ದರೆ ಕೆಲಸಾನೂ ತಿಂತಾರೆ.”

ಹಸಿರು ಸೀರೆಯವಳು ಗಡಿಯಾರ ನೋಡಿದಳು. ಹತ್ತೂವರೆ. ಅವಳು ಹಿಂದಕ್ಕೆ ತಿರುಗಿ ಒಂದು ಸಿಳ್ಳೆ ಹಾಕಿದಳು. ಅಂಥ ಸಿಳ್ಳೆಯನ್ನು ಅನಸೂಯ ಹೆಂಗಸಿನ ಬಾಯಲ್ಲಿ ಕೇಳಿರಲಿಲ್ಲ.

“ಸುಳ್ಳು ಹೇಳಿದ್ದರೂ ದಾಟಿಸ್ತಿದ್ದೆವು ತಾಈ,” ಎಂದಳು ಅನಸೂಯಳ ಕಡೆ ತಿರುಗಿ. “ಖರೆ ಹೇಳಿದಿರಲ್ಲ, ಅದಕ್ಕೆ ಗಾಡಿ ಕೊಡ್ತೀವಿ.”

ನಾಲ್ಕು ಜನ ಬಂದರು. ಕಸ್ತೂರಿಬಾಯಿಯನ್ನು ಮತ್ತೆ ಕೂರಿಸಿ, ಕುರ್ಚಿಸಮೇತ ಎತ್ತಿ ಉಳ್ಳಾಗಡ್ಡಿಯ ಗುಡ್ಡೆ ದಾಟಿಸತೊಡಗಿದರು. ಬೇಡ ಬೇಡ ಅಂದರೂ ಯಾರೂ ಕೇಳಲಿಲ್ಲ. “ತುಳೀಬ್ಯಾಡ್ರೋ, ಉಳ್ಳಾಗಡ್ಡಿ ತುಳೀಬ್ಯಾಡ್ರೋ!” ಎಂದು ಅವಳು ಮೇಲಿಂದ ಕನ್ನಡದಲ್ಲೇ ಕೂಗಿದಳು. ಯಾರಿಗೂ ತಿಳಿಯಲಿಲ್ಲ, ಜೈಕಾರವೆಂದು ತಿಳಿದು ಎಲ್ಲರೂ ಜೈ ಅಂದರು. ಆ ಬದಿ ಒಂದು ಪಿಕಪ್ ಗಾಡಿ ತಯಾರಾಗಿ ನಿಂತಿತ್ತು.

ಪಿಕಪ್ಪಿನಲ್ಲಿ ವೈಜಾಪುರ. ವೈಜಾಪುರದಿಂದ ಇನ್ನೊಂದು ಲಾಲ್ ಬಸ್ಸು, ಅದರಲ್ಲಿ ನಿಂತೇ ಪ್ರಯಾಣ. ಸಂಭಾಜಿನಗರದ ಸ್ಟ್ಯಾಂಡಿಗೆ ಕಾಲಿಟ್ಟಾಗ ಒಂದೂಮುಕ್ಕಾಲು. “ಮನೆಗೆ ಬೇಡ ತಾಈ, ನೇರ ಗೇಟಿಗೆ ಬನ್ನಿ. ನಾನು ಇವರನ್ನ ರಿಕ್ಷಾದಲ್ಲಿ ಮಲಗಿಸಿಕೊಂಡು ಹೊರಟೆ,” ಅಂದಳು ಅಲಕಾ ಫೋನಿನಲ್ಲಿ. ಜಾಲ್ನಾ ರಸ್ತೆಯ ಟ್ರಾಫಿಕ್ಕಿನಲ್ಲಿ ಅತ್ತೆ-ಸೊಸೆಯರ ರಿಕ್ಷಾ ಹಾವಿನಂತೆ ನುಸುಳಿತು. ಕುರ್ಚಿಯ ಒಂದು ಗಾಲಿ ಹೊರಗೆ ನೇತಾಡುತ್ತ, ಗಾಳಿಗೆ ತಾನೇ ತಿರುಗುತ್ತಿತ್ತು.

ಶೇಂದ್ರಾದ ಗೇಟಿಗೆ ಬಂದಾಗ ಎರಡೂ ನಲವತ್ತು. ಅಲಕಾ ಓಡಿ ಬಂದಳು. ಸಣಕಲು ಹೆಂಗಸು. ಕುರ್ಚಿಯ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ನೆನಪಾಗಿ ಫೋನು ತೆಗೆದಳು, “ತಾಈ, ನಿಮ್ಮ ದುಡ್ಡು, ಸ್ಕ್ಯಾನು...”

“ಆಮೇಲೆ. ಮೊದಲು ಇವರನ್ನ ಕೂರಿಸಿ,” ಎಂದಳು ಅನಸೂಯ.

ನಾಲ್ಕು ಕೈ ಸೇರಿ ಪ್ರಭಾಕರನನ್ನು ರಿಕ್ಷಾದಿಂದ ಇಳಿಸಿ ಕೂರಿಸಿದವು. ನಲವತ್ತರ ದಪ್ಪ ಮನುಷ್ಯ, ಕಾಲಿನ ಮೇಲೆ ಚಾದರ. ಗೇಟಿನ ಪಕ್ಕದ ಬೋರ್ಡಿನಲ್ಲಿ ‘ಸುರಕ್ಷತೆಯೇ ಮೊದಲು. ಅಪಘಾತವಿಲ್ಲದ ದಿನಗಳು: 412’ ಎಂದಿತ್ತು. ಅನಸೂಯ ಅದನ್ನೇ ನೋಡುತ್ತಿದ್ದುದನ್ನು ಕಂಡು ಅವನು ನಕ್ಕ.

“ನನ್ನನ್ನು ಎಣಿಸಿಲ್ಲ ತಾಈ. ನಾನು ಬಿದ್ದದ್ದು ಮುನ್ನೂರೈವತ್ತನೆಯ ದಿನ. ಮರುದಿನ ಮುನ್ನೂರೈವತ್ತೊಂದು ಅಂತ ಬರೆದರು.”

ವಾಚ್‌ಮನ್ ಇಬ್ಬರನ್ನು ಒಳಗೆ ಬಿಟ್ಟ, ಇಬ್ಬರನ್ನು ತಡೆದ. ಅನಸೂಯ, ಕಸ್ತೂರಿಬಾಯಿ ಸರಳಿನ ಗೇಟು ಹಿಡಿದು ಹೊರಗೆ ನಿಂತರು. ಅಲಕಾ ಕುರ್ಚಿ ನೂಕಿಕೊಂಡು ಹೋದಳು. ಕಚೇರಿ ಇಪ್ಪತ್ತು ಹೆಜ್ಜೆ ದೂರ. ಅಲ್ಲಿಗೆ ಹೋಗಿ ಕುರ್ಚಿ ನಿಂತಿತು.

ವಿಚಾರಣೆಯ ಕೋಣೆ ಮಾಳಿಗೆಯ ಮೇಲಿತ್ತು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಇಪ್ಪತ್ತೆರಡು ಮೆಟ್ಟಿಲು.

ಮೇಲೆ ಒಬ್ಬ ಸಾಹೇಬ ಬಂದು ಕಂಬಿ ಹಿಡಿದು ಬಗ್ಗಿದ. ಇಸ್ತ್ರಿ ಅಂಗಿ, ಕೊರಳಲ್ಲಿ ಕಾರ್ಡು. “ಮೂರಾಗ್ತಾ ಬಂತು. ಮೇಲೆ ಬನ್ನಿ. ಬರದಿದ್ದರೆ ಗೈರುಹಾಜರಿ ಅಂತ ಬರೀಬೇಕಾಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ.”

ಇಂಥವರ ಕೈಯಲ್ಲಿ ಯಾವತ್ತೂ ಏನೂ ಇರುವುದಿಲ್ಲ, ಪೆನ್ನೊಂದು ಬಿಟ್ಟು.

ಕೆಳಗೆ ಪ್ರಭಾಕರ ಅಲಕಾಳಿಗೆ ಏನೋ ಹೇಳಿದ. ಅವಳು ತಲೆ ಅಡ್ಡಡ್ಡ ಆಡಿಸಿದಳು. ಅವನು ಚಾದರ ಸರಿಸಿ, ಎರಡೂ ಕೈಯಿಂದ ಮೆಟ್ಟಿಲಿನ ಕಂಬಿ ಹಿಡಿದು ಕುರ್ಚಿಯಿಂದ ಜಾರತೊಡಗಿದ. ಕುಂಡಿಯ ಮೇಲೆ ತೆವಳಿ ಹತ್ತುವ ತಯಾರಿ. ಆಗಲೇ ಮೂರರ ಸೈರನ್ ಕೂಗಿತು. ಪಾಳಿ ಬಿಟ್ಟ ಜನ ಶೆಡ್ಡಿನಿಂದ ಹೊರಗೆ ಬರತೊಡಗಿದರು. ಟಿಫಿನ್ ಡಬ್ಬಿ ಹಿಡಿದವರು ಪ್ರಭಾಕರನನ್ನು ಕಂಡು ನಿಂತರು, ನಿಂತವರ ಹಿಂದೆ ಮತ್ತಷ್ಟು ಜನ ನಿಂತರು. ಯಾರೂ ಮುಂದೆ ಬರಲಿಲ್ಲ. ಅವರೆಲ್ಲ ನಾಳೆ ಬೆಳಿಗ್ಗೆ ಇದೇ ಗೇಟಿನಿಂದ ಒಳಗೆ ಬರಬೇಕಾದವರು.

“ಹತ್ತಬ್ಯಾಡ್ರಿ!”

ಕೂಗಿದ್ದು ಯಾರೆಂದು ಕಸ್ತೂರಿಬಾಯಿ ಪಕ್ಕಕ್ಕೆ ತಿರುಗಿ ನೋಡಿದಳು. ಸೊಸೆ ಗೇಟಿನ ಕೆಳಗಿನ ಪಟ್ಟಿಯ ಮೇಲೆ ಹತ್ತಿ ನಿಂತಿದ್ದಳು. ಕನ್ನಡದಲ್ಲಿ ಕೂಗಿದೆನೆಂದು ಹೊಳೆದು ಅನಸೂಯ ಮರಾಠಿಗೆ ತಿರುಗಿದಳು.

“ಹತ್ತಬೇಡಿ ದಾದಾ, ಕುರ್ಚಿಯಲ್ಲೇ ಕೂರಿ! ಸಾಹೇಬ, ಮೂರು ಗಂಟೆಗೆ ಕಾರ್ಖಾನೆಗೆ ಬಾ ಅಂತ ಬರೆದಿದ್ದಿರಿ, ಬಂದಿದ್ದಾರೆ. ನಾನು ನೋಡಿದ್ದೀನಿ, ಇಷ್ಟೂ ಜನ ನೋಡಿದ್ದಾರೆ. ನಿಮಗೆ ಎರಡು ಕಾಲಿದೆ. ನೀವೇ ಇಳಿದು ಬನ್ನಿ!”

“ಯಾರು ನೀವು?”

“ಕುರ್ಚಿ ಮಾರಿದವಳು!”

ಗುಂಪಿನಲ್ಲಿ ಯಾರೋ ನಕ್ಕರು. ಆ ನಗು ಹಬ್ಬಿತು. ಆಮೇಲೆ ನಗು ನಿಂತು, ಒಂದು ಗಂಡಸಿನ ದನಿ, “ಇಳಿದು ಬನ್ನಿ ಸಾಹೇಬ.” ಇನ್ನೊಂದು ದನಿ. ಹತ್ತು ದನಿ. ಇನ್ನೂರು ಜನರ ಕಾಲು ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ಒಳಗೆ ಹೋಗಬೇಕಾದ ಪಾಳಿಯವರೂ ಗೇಟಿನ ಹೊರಗೆ ಅನಸೂಯಳ ಹಿಂದೆ ನಿಂತುಬಿಟ್ಟಿದ್ದರು. ಶೆಡ್ಡಿನಲ್ಲಿ ಪ್ರೆಸ್ಸುಗಳು ಸುಮ್ಮನಾಗಿದ್ದವು, ಪ್ರತಿ ನಿಮಿಷವೂ ಮೇಲಿನವರಿಗೆ ನಷ್ಟ.

ಸಾಹೇಬ ಫೋನಿನಲ್ಲಿ ಯಾರನ್ನೋ ಕೇಳಿದ. ಮತ್ತೆ ಕೇಳಿದ. ಫೈಲು ಬಗಲಲ್ಲಿಟ್ಟುಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದು ಬಂದ. ಯಾರೋ ಅವನಿಗೊಂದು ಪ್ಲಾಸ್ಟಿಕ್ ಸ್ಟೂಲು ಕೊಟ್ಟರು. ಅದು ಗಾಲಿಕುರ್ಚಿಗಿಂತ ಗಿಡ್ಡ. ಹೀಗಾಗಿ ಪ್ರಭಾಕರನ ಮುಖ ನೋಡಲು ಅವನು ಕತ್ತು ಎತ್ತಬೇಕಾಯಿತು.

“ಹೆಸರು?” ಎಂದ. ಪ್ರಭಾಕರ ಹೇಳಿದ, ಸಾಹೇಬ ಬರೆದುಕೊಂಡ. “ಎರಡು ತಿಂಗಳು ಯಾಕೆ ಬರಲಿಲ್ಲ?”

ಪ್ರಭಾಕರ ಚಾದರ ಪೂರ್ತಿ ತೆಗೆದ. ಮೊಣಕಾಲಿನಿಂದ ಕೆಳಗೆ ಸರಳು, ಹೊಲಿಗೆ, ಕಪ್ಪುಗಟ್ಟಿದ ಚರ್ಮ. ಮುಂದಿನ ಸಾಲಿನವರು ಉಸಿರೆಳೆದುಕೊಂಡರು. ಸಾಹೇಬ ಕಣ್ಣು ತಪ್ಪಿಸಿ ಗಡಿಬಿಡಿಯಿಂದ ಒಂದು ಸಾಲು ಗೀಚಿ, ಫೈಲು ಮುಚ್ಚಲು ಹೋದ.

“ಏನು ಬರೆದಿರಿ? ಓದಿ!” ಗೇಟಿನ ಮೇಲಿಂದ ಅನಸೂಯ ಕೂಗಿದಳು. ಕಸ್ತೂರಿಬಾಯಿ ಅವಳ ಸೊಂಟ ಹಿಡಿದು ನಿಂತಿದ್ದಳು. “ಅವರ ಎದುರಿಗೇ ಓದಿ!”

“ಓದಿ, ಓದಿ,” ಅಂದಿತು ಗುಂಪು.

ಸಾಹೇಬ ಓದಿದ. “ಕೆಲಸಗಾರ ಹಾಜರಿದ್ದಾನೆ. ವೈಯಕ್ತಿಕ ಅನಾರೋಗ್ಯದ ಕಾರಣದಿಂದ...”

“ವೈಯಕ್ತಿಕ?” ಎಂದು ಒಬ್ಬ ಕಿರುಚಿದ. “ಪ್ರೆಸ್ಸು ಅವನ ಮನೆಯದಾ?” ಡಬ್ಬಿಗಳ ಮೇಲೆ ಚಮಚ ಬಡಿಯಿತು. ಸಿಳ್ಳೆ, ಕೂಗು, ನಗು ಎಲ್ಲ ಒಟ್ಟಿಗೇ ಎದ್ದವು. ಅಲಕಾ ಫೈಲಿನ ಮೇಲೆ ಬೆರಳಿಟ್ಟಳು. “ಇದನ್ನ ಹೊಡೆದು ಹಾಕಿ. ಮೂರನೇ ನಂಬರ್ ಪ್ರೆಸ್ಸು ಅಂತ ಬರೀರಿ. ತಾರೀಖು ಹಾಕಿ.”

ಸಾಹೇಬ ಒಂದು ಗಳಿಗೆ ಜನರನ್ನು ನೋಡಿದ. ಆಮೇಲೆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದ. ಬರೆದದ್ದನ್ನು ಮೂಗಿನೊಳಗೇ ಓದಿದ.

“ಕೇಳಿಸಲಿಲ್ಲ!” ಅಂದರು ಹಿಂದಿನವರು.

ಅವನು ಸ್ಟೂಲಿನಿಂದ ಎದ್ದು ನಿಂತ. ಎರಡನೆಯ ಸಲ ಗಟ್ಟಿಯಾಗಿ, ಗೇಟಿನ ಹೊರಗೂ ಕೇಳುವ ಹಾಗೆ ಓದಿದ: ಕೆಲಸಗಾರ ಪ್ರಭಾಕರ ಹಾಜರು, ಗೈರುಹಾಜರಿಗೆ ಕಾರಣ, ಕಾರ್ಖಾನೆಯ ಮೂರನೆಯ ಪ್ರೆಸ್ಸಿನಲ್ಲಿ, ಕೆಲಸದ ವೇಳೆಯಲ್ಲಿ, ಕಾಲು ಜಜ್ಜಿದ್ದು.